ಕೊಕ್ಕೆಯ ಕೆಳಗೆ

ಉಕ್ಕಿನ ಗೋದಾಮಿನ ಆಫೀಸಿನಲ್ಲಿ ಕುಳಿತಿದ್ದ ಮೋಡಪ್ಪ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸೇರಿಸಿಕೊಂಡಿದ್ದ. ಕೆಲಸ ಕೇಳಲು ಬಂದವನು ಹಾಗೆ ಕೂರಬಾರದು ಎಂದು ಅವನಿಗೂ ಗೊತ್ತಿತ್ತು. ಆದರೆ ಹೊರಗಿಟ್ಟರೆ ಬೆರಳು ನಡುಗುವುದು ಎದುರಿಗಿದ್ದವರಿಗೆ ಕಂಡುಬಿಡುತ್ತಿತ್ತು.

ಎದುರಿಗೆ ಇಬ್ಬರಿದ್ದರು. ಒಬ್ಬರು ಗೋದಾಮಿನ ಮ್ಯಾನೇಜರ್. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಿದ್ದ ನಡುವಯಸ್ಸಿನ ಹೆಂಗಸು, ಎಲ್ಲರ ಬಾಯಲ್ಲೂ ಮೇಡಂ. ಇನ್ನೊಬ್ಬ ಫೋರ್ಮನ್. ಜೀವಮಾನವೆಲ್ಲ ಕಬ್ಬಿಣದ ಸದ್ದಿನಲ್ಲೇ ಕಳೆದು ಕಿವಿ ಅರ್ಧ ಹೋಗಿದ್ದ ಮುದುಕ. ತನಗೆ ಕೇಳಿಸದಿದ್ದ ಮೇಲೆ ಲೋಕಕ್ಕೂ ಕೇಳಿಸುವುದಿಲ್ಲ ಎಂಬಂತೆ ಕೂಗಿಯೇ ಮಾತಾಡುತ್ತಿದ್ದ. ಬಾಗಿಲ ಬಳಿ ಹಲ್ಲು ಕಿರಿಯುತ್ತ ನಿಂತಿದ್ದವನು ಮೋಡಪ್ಪನ ಭಾವಮೈದ, ಹೆಂಡತಿಯ ತಮ್ಮ. ಕ್ರೇನಿನ ಕೊಕ್ಕೆಗೆ ಸರಕು ಕಟ್ಟುವುದು ಇದೇ ಗೋದಾಮಿನಲ್ಲಿ ಅವನ ಕೆಲಸ. ಕ್ರೇನಿಗೆ ಆಪರೇಟರ್ ಬೇಕೆಂದು ಗೊತ್ತಾದದ್ದೇ ತಡ, ಮೇಡಂ ತಲೆ ತಿಂದು ಭಾವನನ್ನು ಇಲ್ಲಿಯವರೆಗೆ ಎಳೆತಂದವನು ಅವನೇ.

"ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದು ಮೇಡಂ ಕೇಳಿದರು.

ಇದೊಂದು ಪ್ರಶ್ನೆ ಬರುತ್ತದೆಂದು ಮೋಡಪ್ಪನಿಗೆ ಗೊತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಉತ್ತರವನ್ನು ಬಾಯಿಪಾಠ ಮಾಡಿದ್ದ. 'ನಾನು ಬಿಡಲಿಲ್ಲ ಮೇಡಂ, ನನ್ನನ್ನ ತೆಗೆದುಹಾಕಿದ್ರು. ಯಾಕೆ ಅಂತ ಹೇಳ್ತೀನಿ.' ಇಷ್ಟೇ. ಈಗ ಬಾಯಿ ತೆರೆದರೆ ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಗಿಲಲ್ಲಿದ್ದ ಭಾವಮೈದ ಕಣ್ಣಲ್ಲೇ 'ಹೇಳಿ ಭಾವ, ಹೇಳಿ' ಎಂದು ಹುರಿದುಂಬಿಸಿದ.

"ಸೈಟ್ ಮುಗೀತು ಮೇಡಂ," ಎಂದ ಮೋಡಪ್ಪ.

"ಅಷ್ಟು ದೊಡ್ಡ ಕಟ್ಟಡ ಮೇಡಂ, ಒಂದೊಂದು ತೊಲೆನೂ ಭಾವನೇ ಎತ್ತಿ ಕೂರಿಸಿದ್ದು," ಎಂದು ಭಾವಮೈದ ಅಲ್ಲಿಂದಲೇ ಸೇರಿಸಿದ.

ಸೈಟ್ ಮುಗಿದಿರಲಿಲ್ಲ. ಆ ಕಟ್ಟಡ ಈಗಲೂ ಏಳುತ್ತಲೇ ಇತ್ತು.

ಅಲ್ಲಿ ಅವನು ಟವರ್ ಕ್ರೇನ್ ನಡೆಸುತ್ತಿದ್ದ. ಬೆಳಿಗ್ಗೆ ಏಣಿ ಹತ್ತಿ ಆಕಾಶದಲ್ಲಿನ ಗಾಜಿನ ಗೂಡು ಸೇರಿದರೆ ಸಂಜೆಗೇ ಇಳಿಯುವುದು. ಮೋಡಪ್ಪ ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲೇ. "ಮೋಡಪ್ಪ, ಮಳೆ ಬಿಡೋ ಹಾಗಿದ್ರೆ ಮೊದಲೇ ಹೇಳಿಬಿಡಪ್ಪ, ಬಟ್ಟೆ ಒಣಗಾಕಿ ಬಂದಿದೀನಿ" ಎಂದು ಕೆಳಗಿನವರು ವಾಕಿಟಾಕಿಯಲ್ಲಿ ಕೀಟಲೆ ಮಾಡುತ್ತಿದ್ದರು. ವರ್ಷಗಟ್ಟಲೆ ಅವನಿಗೆ ಎತ್ತರವೆಂದರೆ ಏನೂ ಅನಿಸಿರಲಿಲ್ಲ. ಆಮೇಲೆ ಯಾಕೆಂದು ಗೊತ್ತಿಲ್ಲ, ಏಣಿಯ ಅರ್ಧಕ್ಕೆ ಬಂದಾಗ ಎದೆ ಬಡಿದುಕೊಳ್ಳತೊಡಗಿತು. ಬಿದ್ದಿರಲಿಲ್ಲ, ಯಾರೂ ಬಿದ್ದದ್ದನ್ನು ನೋಡಿಯೂ ಇರಲಿಲ್ಲ. ಕಾರಣವಿದ್ದಿದ್ದರೆ ಅದನ್ನು ಹಿಡಿದು ಬೈದುಕೊಳ್ಳಬಹುದಿತ್ತು. ಕಾರಣವೇ ಇಲ್ಲದ ಹೆದರಿಕೆಯನ್ನು ಯಾರಿಗೆ ಹೇಳುವುದು, ಏನೆಂದು ಹೇಳುವುದು? ಬಾಯಿ ಮುಚ್ಚಿಕೊಂಡು ದಿನಾ ಹತ್ತಿದ.

ಒಂದು ದಿನ ಕಾಂಕ್ರೀಟಿಗೆ ಅಚ್ಚು ಹಾಕುವ ಸೆಂಟ್ರಿಂಗ್ ಶೀಟುಗಳ ದೊಡ್ಡ ಕಟ್ಟನ್ನು ಎತ್ತಿ ತಿರುಗಿಸುತ್ತಿದ್ದಾಗ ಗಾಳಿ ಎದ್ದಿತು. ಎಷ್ಟೋ ಸಲ ಕಂಡ ಗಾಳಿಯೇ. ಆದರೆ ಅವನ ಕೈ ಲಿವರಿನ ಮೇಲೆ ಹಾಗೇ ನಿಂತುಬಿಟ್ಟಿತು. ಉಸಿರು ಮೇಲೇ ಸಿಕ್ಕಿಕೊಂಡಿತು. ಕೆಳಗೆ ಕಾಂಕ್ರೀಟ್ ಹಾಕುತ್ತಿದ್ದವರ ತಲೆಯ ಮೇಲೆ ಆ ಕಟ್ಟು ನಿಧಾನವಾಗಿ ಸುತ್ತುತ್ತಿತ್ತು. "ಮೋಡಪ್ಪ, ಇಳಿಸು... ಮೋಡಪ್ಪ, ಕೇಳಿಸ್ತಿದ್ಯಾ?" ಎಂದು ವಾಕಿಟಾಕಿ ಬಡಿದುಕೊಂಡಿತು. ಅವನಿಗೆ ಕೇಳಿಸುತ್ತಿತ್ತು. 'ನನ್ನ ಕೈಲಾಗ್ತಿಲ್ಲ, ಜನರನ್ನ ದೂರ ಕಳಿಸಿ' ಎನ್ನಬೇಕಿತ್ತು. ಆ ಮಾತು ಗಂಟಲಿನವರೆಗೆ ಬಂದು ನಿಂತಿತು. ಕೊನೆಗೆ ಇನ್ನೊಬ್ಬ ಆಪರೇಟರ್ ಹತ್ತಿ ಬಂದು ಅವನನ್ನು ಪಕ್ಕಕ್ಕೆ ಸರಿಸಿ ಸರಕು ಇಳಿಸಿದ. ಯಾರಿಗೂ ಗಾಯವಾಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ, ಇಡೀ ಸೈಟಿನ ಕಣ್ಣೆದುರು, ಮೋಡಪ್ಪನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು.

"ಹೆದರಿಕೆ ಆಗಿದ್ದಕ್ಕಲ್ಲ ನಿನ್ನನ್ನ ತೆಗೀತಿರೋದು," ಎಂದಿದ್ದರು ಅಲ್ಲಿನ ಸುರಕ್ಷತೆಯ ಅಧಿಕಾರಿ. "ಕೆಳಗೆ ಅಷ್ಟು ಜನ ಇದ್ದಾಗಲೂ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ."

ಮನೆಗೆ ಬಂದು ಹೆಂಡತಿಗೆ, ಕೆಲಸ ನಿಂತಿದೆ ಎಂದಷ್ಟೇ ಹೇಳಿದ್ದ.

"ಮಾತು ಸಾಕು, ಕೈ ನೋಡೋಣ!" ಎಂದು ಫೋರ್ಮನ್ ಕೂಗಿ ಎದ್ದು ನಿಂತ.

ಗೋದಾಮಿನ ಕ್ರೇನ್ ಅಷ್ಟೇನೂ ಎತ್ತರದ್ದಲ್ಲ. ಶೆಡ್ಡಿನ ಎರಡೂ ಗೋಡೆಗಳ ಮೇಲೆ ಹಳಿ, ಹಳಿಯಿಂದ ಹಳಿಗೆ ಅಡ್ಡ ತೊಲೆ, ತೊಲೆಗೆ ನೇತುಬಿದ್ದ ಕ್ಯಾಬಿನ್. ಎರಡು ಮಹಡಿಯ ಎತ್ತರವಿದ್ದೀತು. ಮೋಡಪ್ಪ ಕಬ್ಬಿಣದ ಏಣಿಗೆ ಕಣ್ಣು ಕೀಲಿಸಿ ಒಂದೇ ಉಸಿರಿಗೆ ಹತ್ತಿದ. ಕುರ್ಚಿಯಲ್ಲಿ ಕೂತು ಲಿವರ್ ಹಿಡಿದಾಗ ಕೈಗೆ ಹಳೆಯ ಪರಿಚಯ ಮರಳಿತು. ಕೆಳಗೆ ಭಾವಮೈದ ತಗಡಿನ ದಪ್ಪ ಸುರುಳಿಗೆ ಬೆಲ್ಟ್ ತೊಡಿಸಿ, ಕೊಕ್ಕೆಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಏರಿಸಿ ಎಂದು ಕೈ ತಿರುಗಿಸಿದ. ಸುರುಳಿ ನೆಲ ಬಿಟ್ಟಿತು. ಅಲುಗಾಡದೆ ಏರಿತು. ಹಳಿಯ ಮೇಲೆ ಕ್ರೇನ್ ಗುಡುಗುಡು ಸಾಗಿತು.

ಅರ್ಧ ದಾರಿಯಲ್ಲಿ ಯಾವನೋ ಲಾರಿ ಡ್ರೈವರ್ ಫೋನಿನಲ್ಲಿ ಮಾತಾಡುತ್ತ ಸೀದಾ ಸರಕಿನ ದಾರಿಗೆ ನಡೆದುಬಂದ. ಭಾವಮೈದ ಓಡಿ ಬಂದು ಅವನನ್ನು ತಳ್ಳಿದ. ತಳ್ಳಿದ ರಭಸಕ್ಕೆ ತಾನೇ ಕೊಕ್ಕೆಯ ಕೆಳಗೆ ನಿಂತ.

ಮೋಡಪ್ಪನಿಗೆ ಮೇಲಿನಿಂದ ಕಂಡದ್ದು ಹಳದಿ ಹೆಲ್ಮೆಟ್ಟು, ಅದರ ಮೇಲೆ ಸುರುಳಿ. ಎದೆ ಧಸಕ್ಕೆಂದಿತು. ಕೈಕಾಲು ತಣ್ಣಗಾದವು. ಬೆರಳು ತಾವಾಗಿಯೇ ಲಿವರ್ ಬಿಟ್ಟವು. ಲಿವರ್ ಬಿಟ್ಟೊಡನೆ ಬ್ರೇಕ್ ತಾನೇ ಹಿಡಿಯಿತು, ಸುರುಳಿ ತೂಗಾಡುತ್ತ ನಿಂತಿತು. ಮತ್ತೆ ಅದೇ. ಅದೇ ಉಸಿರು, ಅದೇ ಗಂಟಲು. ಇನ್ನೊಮ್ಮೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿಯುವುದು ಅವನ ಕಣ್ಣಿಗೆ ಕಟ್ಟಿತು. ಕೆಳಗೆ ಭಾವಮೈದ ದಾರಿಯಿಂದ ಈಚೆ ಬಂದು, ತಲೆ ಎತ್ತಿ ನಗುತ್ತ ಹೆಬ್ಬೆರಳು ತೋರಿಸಿದ. ಎಷ್ಟು ಹೊತ್ತಾಯಿತೋ, ಉಸಿರು ಒಂದಿಷ್ಟು ಸಡಿಲಾಯಿತು. ಬೆರಳಿಗೆ ಜೀವ ಬಂತು. ಸುರುಳಿಯನ್ನು ಮರದ ದಿಮ್ಮಿಗಳ ಮೇಲೆ ಇಳಿಸಿದ.

"ಮೊಟ್ಟೆ ಇಟ್ಟ ಹಾಗೆ ಇಟ್ಟನಲ್ಲೋ!" ಎಂದು ಫೋರ್ಮನ್ ಶೆಡ್ಡು ಹಾರಿಹೋಗುವಂತೆ ಕೂಗಿದ.

ಮೋಡಪ್ಪ ಕೆಳಗಿಳಿದಾಗ ಮೇಡಂ ಮುಖದಲ್ಲಿ ಮೊದಲ ಬಾರಿಗೆ ನಗೆ ಇತ್ತು. "ಕೈ ಚೆನ್ನಾಗಿದೆ, ಅದಿರಲಿ. ಅಡ್ಡ ಜನ ಬಂದ ತಕ್ಷಣ ನಿಲ್ಲಿಸಿದ್ರಿ ನೋಡಿ, ಎಲ್ಲ ಸರಿ ಆಗೋವರೆಗೂ ಮುಟ್ಟಲಿಲ್ಲ. ನನಗೆ ಇಷ್ಟ ಆಗಿದ್ದು ಅದು. ಸೋಮವಾರದಿಂದ ಬಂದುಬಿಡಿ."

ಅದು ಜಾಗ್ರತೆಯಲ್ಲ, ಹೆದರಿಕೆ ಎಂದು ಮೋಡಪ್ಪ ಅಲ್ಲೇ ಹೇಳಬಹುದಿತ್ತು. "ಆಗಲಿ ಮೇಡಂ" ಎಂದ.

ಆ ದಿನ ಭಾವಮೈದ ಅರ್ಧ ದಿನ ರಜೆ ಹಾಕಿ ಭಾವನ ಜೊತೆಯಲ್ಲೇ ಊಟಕ್ಕೆ ಬಂದ. ಮೋಡಪ್ಪನ ಮನೆಯೆಂದರೆ ಎರಡು ಕೋಣೆ. ಮುಂದಿನ ಕೋಣೆಯ ಅರ್ಧವನ್ನು ಹೆಂಡತಿಯ ಹೊಲಿಗೆ ಯಂತ್ರ ಆಕ್ರಮಿಸಿತ್ತು. ಅವಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ತಮ್ಮ ಬೆಳಗಿನ ಕಥೆಯನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದ. ಸುರುಳಿಯೂ ತಾನೇ, ಡ್ರೈವರೂ ತಾನೇ, ಫೋರ್ಮನ್ನೂ ತಾನೇ. ಅವಳು ಕತ್ತರಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಕ್ಕ, ಹಿಂದಿನ ಆಪರೇಟರ್ ಇದ್ನಲ್ಲ, ಅವನು ಎತ್ತುವಾಗ ನಾನು ದೇವರ ನೆನೆಸ್ಕೊಂಡು ನಿಲ್ತಿದ್ದೆ. ಇನ್ಮೇಲೆ ಆರಾಮ."

"ನನಗೂ ಅಷ್ಟೇ ಕಣೋ," ಎಂದಳು ಅವಳು, ತಮ್ಮನಿಗೆ ಇನ್ನೊಂದಿಷ್ಟು ಬಡಿಸುತ್ತ. ಗಂಡನ ಕಡೆ ತಿರುಗಿ, "ಮೇಲೆ ನೀವಿದ್ರೆ ಇವನ ಬಗ್ಗೆ ನನಗೆ ಚಿಂತೆನೇ ಇಲ್ಲ ರೀ," ಎಂದಳು.

ಮೋಡಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟ. ನೀರು ಕುಡಿದ. ಕೈ ತೊಳೆಯುವ ನೆಪದಲ್ಲಿ ಎದ್ದು ಹಿತ್ತಲ ನಲ್ಲಿಯ ಬಳಿ ನಿಂತ. ಹಳದಿ ಹೆಲ್ಮೆಟ್ಟು ಕಣ್ಣ ಮುಂದಿನಿಂದ ಹೋಗಲೊಲ್ಲದು. ಇಷ್ಟು ದಿನ ಅವನು ಹೆದರಿದ್ದು ತನಗೆ ಏನಾಗುತ್ತದೋ ಎಂದು. ಈಗ ಒಳಗೆ ಕೂತು ನಗುತ್ತಿದ್ದವನಿಗೆ ತನ್ನಿಂದ ಏನಾಗುತ್ತದೋ ಎಂಬ ಹೆದರಿಕೆ ಹುಟ್ಟಿತು. ಇದು ಬೇರೆಯೇ ಜಾತಿಯದು. ಇದಕ್ಕೆ ಬೆವರೂ ಬರಲಿಲ್ಲ, ನಡುಕವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಗೋದಾಮಿಗೆ ಹೋದ. ಗೇಟಿನ ತನಕ ಹೋಗಿ, ದಾಟಿ ಮುಂದೆ ನಡೆದು, ರಸ್ತೆಯ ತಿರುವಿನಲ್ಲಿ ನಿಂತು ಮತ್ತೆ ಬಂದ. ಇನ್ನೊಮ್ಮೆ ಹಾಗೇ ಮಾಡಿದ. ಗೇಟಿನ ಕಾವಲುಗಾರ, "ಏನ್ರೀ, ರಸ್ತೆ ಅಳೀತಿದೀರಾ?" ಎಂದು ಕೇಳಿದ ಮೇಲೆ ಒಳಗೆ ಹೋಗಲೇಬೇಕಾಯಿತು.

ತಗಡಿನ ಗೋಡೆಯ ಆ ಆಫೀಸಿನಲ್ಲಿ ಮೇಡಂ, ಫೋರ್ಮನ್ ಇಬ್ಬರೂ ಇದ್ದರು. ಆಚೆ ಕಬ್ಬಿಣ ಕೊಯ್ಯುವ ಗರಗಸ ಕಿವಿ ಹರಿಯುವಂತೆ ಕಿರುಚುತ್ತಿತ್ತು.

"ಸೋಮವಾರ ಅಂದಿದ್ದೆ ನಾನು," ಎಂದರು ಮೇಡಂ.

"ಒಂದು ವಿಷಯ ಹೇಳಬೇಕಿತ್ತು ಮೇಡಂ. ನಿನ್ನೆ ನಾನು ಸುಳ್ಳು ಹೇಳಿದೆ. ಸೈಟ್ ಮುಗೀಲಿಲ್ಲ. ನನ್ನನ್ನ..." ದನಿ ಅಲ್ಲಿಗೇ ಇಂಗಿತು.

"ಏನಂತೆ?" ಫೋರ್ಮನ್ ಕಿವಿಗೆ ಕೈ ಅಡ್ಡ ಹಿಡಿದ. "ಜೋರಾಗಿ ಹೇಳಯ್ಯ!"

"ನನ್ನನ್ನ ಕೆಲಸದಿಂದ ತೆಗೆದ್ರು."

"ಯಾರು ಸತ್ರು?"

"ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರು!" ಎಂದು ಮೋಡಪ್ಪ ಕೂಗಿದ. ಒಮ್ಮೆ ಕೂಗಲು ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. "ಮೇಲೆ ಕೂತಾಗ ಹೆದರಿಕೆ ಬಂತು! ಕೈ ಆಡಲಿಲ್ಲ! ಜನರ ತಲೆ ಮೇಲೆ ಸರಕು ನೇತಾಡ್ತಿತ್ತು, ನಾನು ಸುಮ್ಮನೆ ಕೂತಿದ್ದೆ! ನಿನ್ನೆನೂ ಬಂತು! ನಾನು ಜಾಗ್ರತೆ ಮಾಡಿ ನಿಲ್ಲಿಸಿದ್ದಲ್ಲ, ಹೆದರಿ ನಿಂತಿದ್ದು!"

ಯಾವಾಗಲೋ ಗರಗಸ ನಿಂತಿತ್ತು. ಕೊನೆಯ ಮಾತುಗಳು ತಗಡಿನ ಗೋಡೆಗೆ ಬಡಿದು ಶೆಡ್ಡಿನ ತುದಿಯವರೆಗೂ ಹೋದವು. ಬಾಗಿಲು ತೆರೆಯಿತು. ಕೈಯಲ್ಲಿ ಬೆಲ್ಟ್ ಹಿಡಿದುಕೊಂಡಿದ್ದ ಭಾವಮೈದ ಅಲ್ಲಿ ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ನಿನ್ನೆ ನಾನು ಕೆಳಗಿದ್ದೆ ಭಾವ," ಎಂದ. ಅಷ್ಟೇ. ಬೆಲ್ಟನ್ನು ಅಲ್ಲೇ ಹಾಕಿ ಹೊರಟುಹೋದ.

ಫೋರ್ಮನ್ನಿಗೆ ಕೋಪದಿಂದ ಕೆನ್ನೆ ಅದುರುತ್ತಿತ್ತು. "ನಿನ್ನೆ ಇದೇ ಕುರ್ಚಿಲಿ ಕೂತಿದ್ಯಲ್ಲಯ್ಯ! ಇದೇ ಬಾಯಿ ಇತ್ತಲ್ಲ ನಿನ್ನೆನೂ! ನಮ್ಮ ಹುಡುಗರನ್ನ ಕೆಳಗೆ ನಿಲ್ಲಿಸಿ ನಿನ್ನ ಹಣೆಬರಹ ಪರೀಕ್ಷೆ ಮಾಡ್ಕೊಂಡ್ಯಾ?"

ಮೇಡಂ ಹಳೆಯ ಸೈಟಿನ ಹೆಸರು, ಅಧಿಕಾರಿಯ ಹೆಸರು ಕೇಳಿ ಅವನೆದುರಿಗೇ ಫೋನ್ ಮಾಡಿದರು. ಅವನಿಗೆ ಒಂದೇ ಕಡೆಯ ಮಾತು ಕೇಳುತ್ತಿತ್ತು. "ಹೌದಾ... ಎಷ್ಟು ಜನ ಇದ್ರು ಕೆಳಗೆ?... ಹಾಗಾ... ಇಲ್ಲ, ಅವರೇ ಹೇಳಿದ್ರು." ಎದ್ದು ಓಡಿಹೋಗೋಣ ಎನಿಸಿತು.

ಮೇಡಂ ಫೋನ್ ಇಟ್ಟರು. "ಕೈ ಬಂಗಾರದ್ದು, ಬಾಯಿ ಮಾತ್ರ ಇಲ್ಲ ಅಂತಾರೆ ನಿಮ್ಮ ಬಗ್ಗೆ."

"ಬಾಯಿ ಬಂದಿದೆ, ಒಂದು ದಿನ ತಡವಾಗಿ!" ಎಂದು ಗದರಿದ ಫೋರ್ಮನ್.

"ಕ್ಯಾಬಿನ್ ಕೊಡಲ್ಲ ನಿಮಗೆ," ಎಂದರು ಮೇಡಂ. "ಇವತ್ತೂ ಇಲ್ಲ, ಮುಂದೆನೂ ನಾನಾಗಿ ಮಾತು ಕೊಡಲ್ಲ. ಮೊದಲು ಡಾಕ್ಟರಿಗೆ ತೋರಿಸಿ. ಇದು ಕಾಯಿಲೆನೋ ಏನೋ ಅವರೇ ಹೇಳಲಿ. ಹಿಂದಿನ ಶೆಡ್ಡಲ್ಲಿ ನೆಲದ ಮೇಲೆ ನಿಂತು ಬಟನ್ ಒತ್ತಿ ನಡೆಸೋ ಸಣ್ಣ ಕ್ರೇನ್ ಇದೆ. ಡಾಕ್ಟರ್ ಒಪ್ಪಿದ್ರೆ, ಇವರೂ ಒಪ್ಪಿದ್ರೆ, ಅದರ ಬಗ್ಗೆ ಮಾತಾಡೋಣ. ಒಪ್ಪಲಿಲ್ಲ ಅಂದ್ರೆ ಇಲ್ಲ."

ಫೋರ್ಮನ್ ಒಪ್ಪಿದೆ ಎನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ಭಾವಮೈದ ಬಿಟ್ಟುಹೋದ ಬೆಲ್ಟನ್ನು ಎತ್ತಿ ಗೋಡೆಯ ಮೊಳೆಗೆ ತೂಗುಹಾಕಿದ.

ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಹೊಲಿಗೆ ಯಂತ್ರ ಸುಮ್ಮನಿತ್ತು. ಹೆಂಡತಿ ಅರ್ಧ ಹೊಲಿದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅಷ್ಟು ದಿನ ನನ್ನ ಪಕ್ಕದಲ್ಲೇ ಮಲಗಿ, ಇದನ್ನ ಒಬ್ಬರೇ ಹೊತ್ಕೊಂಡಿದ್ರಾ?"

"ಏನಂತ ಹೇಳ್ಲಿ?"

"ಹೆದರಿಕೆ ಆಗ್ತಿದೆ ಅಂತ. ಕತ್ತಲೆ ಕಂಡ್ರೆ ನನಗಾಗಲ್ವಾ? ಅದು ತಪ್ಪಲ್ಲ ರೀ." ಅಂಗಿಯ ಗುಂಡಿಯೊಂದನ್ನು ತಿರುಚುತ್ತ, ಅವನ ಮುಖ ನೋಡದೆ ಹೇಳಿದಳು: "ಅವನನ್ನ ಕೆಳಗೆ ನಿಲ್ಲಿಸಿ ಮೇಲೆ ಹತ್ತಿದ್ರಲ್ಲ. ಅದನ್ನ ಮರೆಯೋಕೆ ನನಗೆ ಟೈಮ್ ಬೇಕು."

ಡಾಕ್ಟರ ಬಳಿ ಅವಳೂ ಬಂದಳು. ದಾರಿಯಲ್ಲಿ ಮಾತಿಲ್ಲ, ಆದರೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಇದು ಬಹಳ ಜನಕ್ಕೆ ಬರುವಂಥದ್ದೇ ಎಂದರು ಡಾಕ್ಟರ್. ಮಾತ್ರೆ ಕೊಟ್ಟರು, ಉಸಿರಾಟ ಹೇಳಿಕೊಟ್ಟರು, ಮತ್ತೆ ಮತ್ತೆ ಬರಬೇಕೆಂದರು. ಎತ್ತರ ಸದ್ಯಕ್ಕೆ ಬೇಡ. ನೆಲದ ಕೆಲಸ ಮಾಡಬಹುದು, ವಿಷಯ ಗೊತ್ತಿದ್ದವರು ಜೊತೆಗಿದ್ದರೆ.

ಫೋರ್ಮನ್ ಕೊನೆಗೆ ತಲೆಯಾಡಿಸಿದ್ದು ಒಂದು ಷರತ್ತಿನ ಮೇಲೆ. ಮೋಡಪ್ಪನೊಂದಿಗೆ ನಿಲ್ಲುವ ಪ್ರತಿಯೊಬ್ಬನಿಗೂ ವಿಷಯ ಗೊತ್ತಿರಬೇಕು, ಅದನ್ನು ಮೋಡಪ್ಪನೇ ಹೇಳಬೇಕು. ಹಿಂದಿನ ಶೆಡ್ಡಿನ ಕೆಲಸಗಾರರನ್ನು ಒಂದು ಕಡೆ ಸೇರಿಸಿ ಅವನನ್ನು ಎದುರಿಗೆ ನಿಲ್ಲಿಸಿದ. ಮೋಡಪ್ಪ ಹೇಳಿದ. ಒಬ್ಬ ನಕ್ಕ. ಒಬ್ಬ ತನಗೆ ಬೇರೆ ಕಡೆ ಕೆಲಸ ಕೊಡಿ ಎಂದು ಹೋದ. ಉಳಿದವರು ಸುಮ್ಮನೆ ಕೈಗವಸು ಹಾಕಿಕೊಂಡು ಕೆಲಸಕ್ಕೆ ತೊಡಗಿದರು. ಭಾವಮೈದ ಮುಂದಿನ ಶೆಡ್ಡಿನಲ್ಲೇ ಉಳಿದ. ಗೇಟಿನಲ್ಲಿ ಎದುರಾದರೆ ಫೋನ್ ನೋಡುತ್ತ ದಾಟಿಹೋಗುತ್ತಿದ್ದ. ಅಕ್ಕನ ಮನೆಗೆ ಬರುವುದನ್ನೂ ನಿಲ್ಲಿಸಿದ.

ಹೆದರಿಕೆ ಕೆಲವು ವಾರ ಬರಲಿಲ್ಲ. ಬರಲಿಲ್ಲವೆಂಬುದೇ ಒಂದು ಹೆದರಿಕೆಯಾಯಿತು ಮೋಡಪ್ಪನಿಗೆ. ಪ್ರತಿ ಸಲ ಬಟನ್ ಪೆಟ್ಟಿಗೆ ಕೈಗೆತ್ತಿಕೊಂಡಾಗಲೂ ಇವತ್ತೋ, ಈಗಲೋ ಎಂದು ಕಾಯುತ್ತಿದ್ದ.

ಒಂದು ದಿನ ಹಿಂದಿನ ಶೆಡ್ಡಿನಲ್ಲಿ ಕೊಕ್ಕೆ ಹಾಕುವವನು ಬರಲಿಲ್ಲ. ಲಾರಿ ಕಾಯುತ್ತಿತ್ತು. ಫೋರ್ಮನ್ ಮುಂದಿನಿಂದ ಭಾವಮೈದನನ್ನು ಕಳಿಸಿದ. ಅವನು ಬಂದ. ಮೋಡಪ್ಪನ ಮುಖ ನೋಡದೆ ತಗಡಿನ ಕಟ್ಟಿಗೆ ಬೆಲ್ಟ್ ಹಾಕಿ, ಎಳೆದು ನೋಡಿ, ಕೊಕ್ಕೆ ಸಿಕ್ಕಿಸಿ, ದೂರ ಸರಿದು, ಏರಿಸಿ ಎಂದು ಕೈ ತಿರುಗಿಸಿದ.

ಕಟ್ಟು ಲಾರಿಯ ಎತ್ತರಕ್ಕೆ ಏರಿತ್ತು. ಆಗ ಬಂತು. ಎದೆಯಲ್ಲಿ ಏನೋ ಕಳಚಿ ಬಿದ್ದಂತೆ, ಬೆರಳ ತುದಿಯಿಂದ ಚಳಿ ಏರತೊಡಗಿತು. ನೆಲದ ಮೇಲಿದ್ದರೂ ನೆಲವೇ ಇಲ್ಲದಂತಾಯಿತು. ಗಂಟಲು ಮುಚ್ಚಿಕೊಳ್ಳುತ್ತಿತ್ತು. ಮುಚ್ಚುವ ಮೊದಲೇ ಅವನು ಬಟನ್ ಬಿಟ್ಟ.

"ಬಂತು!" ಎಂದು ಅರಚಿದ. "ನಿಲ್ಲಿಸಿದೀನಿ! ನನ್ನ ಕೈಲಾಗ್ತಿಲ್ಲ! ದೂರ ಹೋಗಿ ಎಲ್ಲ!"

ಲಾರಿಯ ಬಳಿ ಇದ್ದವರು ಚದುರಿದರು. ಭಾವಮೈದ ಕಟ್ಟನ್ನೊಮ್ಮೆ ನೋಡಿದ, ಮೋಡಪ್ಪನನ್ನೊಮ್ಮೆ ನೋಡಿದ. ದೂರದಿಂದಲೇ ಸುತ್ತು ಹಾಕಿಕೊಂಡು ಬಂದು, ಮರಗಟ್ಟಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪೆಟ್ಟಿಗೆ ತಾನು ತೆಗೆದುಕೊಂಡ.

"ಕೂತ್ಕೊಳ್ಳಿ ಭಾವ."

ಮೋಡಪ್ಪ ಅಲ್ಲೇ ದಿಮ್ಮಿಯ ಮೇಲೆ ಕುಸಿದು ಕೂತ. ಭಾವಮೈದನಿಗೆ ಕ್ರೇನ್ ನಡೆಸಿ ಅಭ್ಯಾಸವಿರಲಿಲ್ಲ. ಕಟ್ಟು ಜೋಲಿ ಹೊಡೆಯುತ್ತ ಹೋಗಿ ಲಾರಿಯ ಮೇಲೆ ಓರೆಯಾಗಿ ಧಡ್ ಎಂದು ಕೂತಿತು. ಸದ್ದು ಫೋರ್ಮನ್ನಿನ ಕಿವಿಗೂ ಬಿತ್ತು.

"ಯಾವನೋ ಅದು, ಎಮ್ಮೆ ಮಲಗಿಸಿದ ಹಾಗೆ ಇಟ್ಟಿದ್ದು?"

"ನಾನೇ!" ಎಂದು ಭಾವಮೈದ ತಿರುಗಿ ಕೂಗಿದ. ಆಮೇಲೆ ಎಲ್ಲಿಂದಲೋ ನೀರಿನ ಬಾಟಲಿ ತಂದು ಮೋಡಪ್ಪನ ಕೈಗಿಟ್ಟು ಪಕ್ಕದಲ್ಲಿ ಕೂತ. ಮೋಡಪ್ಪ ಡಾಕ್ಟರ್ ಹೇಳಿಕೊಟ್ಟ ಹಾಗೆ ಉಸಿರು ಎಳೆದು, ನಿಲ್ಲಿಸಿ, ಬಿಟ್ಟ. ಇನ್ನೊಂದು ಕಟ್ಟು ಏರಿಸುವುದು ಬಾಕಿಯಿತ್ತು. ಲಾರಿ ಡ್ರೈವರ್ ಹಾರ್ನ್ ಒತ್ತಿದ.

"ಈಗ ಹೇಗಿದೆ?"

"ಇನ್ನೂ ಸ್ವಲ್ಪ ಇದೆ," ಎಂದ ಮೋಡಪ್ಪ.

"ಹಾಗಾದ್ರೆ ಇನ್ನೂ ಸ್ವಲ್ಪ ಕೂತಿರಿ," ಎಂದ ಭಾವಮೈದ, ಕಾಯಪ್ಪಾ ಎಂದು ಡ್ರೈವರನಿಗೆ ಕೈ ತೋರಿಸಿದ.